ಮಡುವಿನಮ್ಮನ ಪೆಟ್ಟಿಗೆ ಹೊತ್ತ ಪಾಲಯ್ಯ

ನನ್ನ ಭಾವ ಪಾಲಯ್ಯನಂಥ ಹಟಮಾರಿಯನ್ನು ಈ ಜನ್ಮದಲ್ಲಿ ನಾನು ಕಂಡಿಲ್ಲ. ನಮ್ಮಕ್ಕ ಉಚ್ಚಂಗೆಮ್ಮ ಅವನ ಜೊತೆ ಹೇಗೆ ಬಾಳ್ವೆ ಮಾಡಿಕೊಂಡು ಬಂದಳೋ, ಆ ಶಿವನಿಗೇ ಗೊತ್ತು. ಅವನ ಹಿಂದೆ ಬೆಟ್ಟ ಬೆಟ್ಟ ಅಲೆದು ಸವೆದ ಮಂಡಿ ನನ್ನದು. ಆದ್ದರಿಂದ ಅವನನ್ನು ಬೈಯುವ ಹಕ್ಕೂ ನನ್ನದೇ. ಬೇರೆ ಯಾರಾದರೂ ಬೈದರೆ ಮಾತ್ರ ನಾನು ಸುಮ್ಮನಿರುವುದಿಲ್ಲ.

ಅವನು ನಮ್ಮೂರಿನ ಮಡುವಿನಮ್ಮನ ಪೂಜಾರಿ. ಅಮ್ಮ ಅಂದರೆ ಅಂಗೈ ಅಗಲದ ಒಂದು ಹಿತ್ತಾಳೆಯ ಮುಖ. ಅದು ಕರಿಮರದ ಪೆಟ್ಟಿಗೆಯಲ್ಲಿ ಭಂಡಾರದ ಅರಿಶಿನ ಪುಡಿಯೊಳಗೆ ಮಲಗಿರುತ್ತದೆ. ಅವರಪ್ಪ ತೀರಿಕೊಂಡ ದಿನದಿಂದ ಪೆಟ್ಟಿಗೆ ಪಾಲಯ್ಯನ ಹೆಗಲಿಗೆ ಬಂತು. ಪೆಟ್ಟಿಗೆಯನ್ನು ಬರೀ ನೆಲಕ್ಕೆ ಇಡುವಂತಿಲ್ಲ, ಕಂಬಳಿ ಹಾಸಿಯೇ ಇಳಿಸಬೇಕು. ಹೊತ್ತವನು ಕಾಲಿಗೆ ಮೆಟ್ಟು ಹಾಕುವಂತಿಲ್ಲ. ಹೆಗಲ ಮೇಲೆ ಅಮ್ಮ ಇರುವಷ್ಟು ಹೊತ್ತು ಅವನ ಬಾಯಿಗೆ ತೊಟ್ಟು ನೀರೂ ಇಲ್ಲ.

ನಮ್ಮ ಹಳೆಯ ಊರು ಕಣಿವೆಯಲ್ಲಿತ್ತು. ಅಲ್ಲಿ ಬಂಡೆಗಳ ನಡುವೆ ಒಂದು ಮಡು. ವರ್ಷಕ್ಕೊಮ್ಮೆ ಅಮ್ಮನಿಗೆ ಅಲ್ಲಿ ಸ್ನಾನ ಮಾಡಿಸಿದ ಮೇಲೆಯೇ ಊರಿನಲ್ಲಿ ಮದುವೆಯ ಮಾತು. ಹಿರಿಯೂರಿನ ಮೇಲೆ ಮಾರಿಕಣಿವೆಗೆ ದೊಡ್ಡ ಕಟ್ಟೆ ಕಟ್ಟಿದರಲ್ಲ, ನೀರು ಏರುತ್ತಾ ಏರುತ್ತಾ ಮನೆ, ಹೊಲ, ಮಡು ಎಲ್ಲವನ್ನೂ ನುಂಗಿತು. ನಾವು ಗಂಟುಮೂಟೆ ಕಟ್ಟಿ ಹರಿಯಬ್ಬೆಯ ಆಚೆಗಿನ ಬಯಲಿಗೆ ಬಂದೆವು.

ಬಯಲಲ್ಲಿ ಬಾವಿಗಳಿದ್ದವು. ಆದರೆ ಮನುಷ್ಯರು ತೋಡಿದ ನೀರು ಅಮ್ಮನಿಗೆ ಆಗದು, ಬೆಟ್ಟದ ಬಂಡೆ ತಾನಾಗಿ ಹಿಡಿದಿಟ್ಟ ದೊಣೆಯ ನೀರೇ ಬೇಕು ಎಂದರು ಹಿರಿಯರು. ಅದೂ ಅಮ್ಮನ ಒಪ್ಪಿಗೆಯಿಂದ. ದೊಣೆಯ ದಂಡೆಯಲ್ಲಿ ಅವಳ ಹಣೆಗೆ ಕಣಗಿಲೆ ಹೂ ಅಂಟಿಸಿ ಕೇಳಬೇಕು. ಹೂ ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಅಲ್ಲಿಯವರೆಗೆ ಊರಲ್ಲಿ ಯಾರೂ ಚಪ್ಪರ ಹಾಕುವಂತಿಲ್ಲ. ಹೀಗೆ ಆರು ಮನೆಗಳಲ್ಲಿ ಮದುವೆ ನಿಂತುಹೋಗಿತ್ತು. ಅದರಲ್ಲಿ ಒಂದು ಪಾಲಯ್ಯನದೇ ಮನೆ. ಅವನ ಮಗಳು ಚಂದ್ರಕ್ಕನನ್ನು ಐಮಂಗಲದ ಹುಡುಗನಿಗೆ ಕೊಡುವುದೆಂದು ಮಾತಾಗಿತ್ತು. ಕಾದು ಕಾದು ಬೇಸತ್ತ ಗಂಡಿನ ಕಡೆಯವರು, ಯುಗಾದಿಯೊಳಗೆ ತಾಳಿ ಕಟ್ಟಿಸದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಹುಡುಗಿ ಆ ದಿನ ರೊಟ್ಟಿ ತಟ್ಟುತ್ತಲೇ ಅತ್ತಳು. ಪಾಲಯ್ಯ ಅದನ್ನು ನೋಡಿಯೂ ನೋಡದವನಂತೆ ಎದ್ದುಹೋದ.

ಮಾರನೆಯ ದಿನವೇ ನಾವು ಹೊರಟೆವು. ಊರವರು ಕೂಡಿಸಿ ಕೊಟ್ಟ ಕಾಸು ಉಪ್ಪಿಗೆ ಸಾಲುವಂತಿರಲಿಲ್ಲ. ಹಾಗಾಗಿ ಬಾಡಿಗೆ ಗಾಡಿಯ ಆಸೆ ಬಿಟ್ಟು, ಸಂತೆಗೆ ಬಂದು ಖಾಲಿ ಹಿಂದಿರುಗುವ ಗಾಡಿಗಳವರನ್ನು ಕಾಡಿ ಬೇಡಿ ಹತ್ತಿದೆವು. ಸಿಗದ ಕಡೆ ನಡೆದೆವು. ಹಿರಿಯೂರಿನಿಂದ ಹೊಸದುರ್ಗ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಅಲ್ಲಿನ ಬೆಟ್ಟ ಹತ್ತಿ ದೊಣೆ ಹುಡುಕಿದೆವು. ಹಸಿರು ಪಾಚಿ ಕಟ್ಟಿದ, ತಣ್ಣನೆಯ, ಒಳ್ಳೆಯ ನೀರು. ಪಾಲಯ್ಯ ಹೂ ಇಟ್ಟು ಕೈಮುಗಿದ. ಹೂ ಎಡಕ್ಕೆ ಬಿತ್ತು. ಅವನು ಪೆಟ್ಟಿಗೆ ಮುಚ್ಚಿದ.

ಮುಂದೆ ರಾಮಗಿರಿ. ಹೊಸದುರ್ಗದ ಸ್ಟೇಷನ್ನು ಊರಿನಿಂದ ಎಲ್ಲೋ ದೂರ, ಅಲ್ಲಿಗೂ ಕಾಲೇ ಗತಿ. ಮೂರನೇ ದರ್ಜೆಯ ಟಿಕೆಟ್ ಕೇಳಿದಾಗ ಸ್ಟೇಷನ್ನಿನ ಬಾಬು ಪೆಟ್ಟಿಗೆಯನ್ನು ದಿಟ್ಟಿಸಿದ.

"ಏನಪ್ಪ, ಅದ್ರಾಗೆ ಏನೈತೆ?"

"ದೇವ್ರು ಐತೆ ಸ್ವಾಮಿ," ಎಂದ ಪಾಲಯ್ಯ.

"ಎಷ್ಟು ತೂಕ ಐತೆ?"

"ತೂಗಿ ನೋಡಿಲ್ಲ ಸ್ವಾಮಿ. ಒಂದೊಂದು ದಿನ ಒಂದೊಂದು ಥರ ಇರ್ತಾಳೆ."

ಬಾಬುವಿಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆಗೆ ಕಾಸು ಕೇಳದೆ ಎರಡೇ ಟಿಕೆಟ್ ಕೊಟ್ಟು ಕಳಿಸಿದ, ಪುಣ್ಯಾತ್ಮ.

ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಕಂಬಳಿ ಹಾಸುವುದೆಲ್ಲಿ ಬಂತು! ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೊಬ್ಬರು ಸರಿದು ಜಾಗ ಮಾಡಿ, "ಕುಂತ್ಕಳ್ರಿ ಯಜಮಾನ್ರೆ, ಪೆಟ್ಟಿಗೆ ಕೆಳಗಿಡ್ರಿ," ಎಂದರು. ಪಾಲಯ್ಯ ತಲೆಯಾಡಿಸಿ ನಿಂತೇ ಇದ್ದ. ನೀರಿಲ್ಲದೆ ಅವನ ತುಟಿ ಒಣಗಿದ್ದು ಕಾಣುತ್ತಿತ್ತು. ನನಗೆ ರೇಗಿಹೋಯಿತು. "ಭಾವ, ಕೂತ್ಕಂಡು ತೊಡೆ ಮೇಲಾದ್ರೂ ಇಟ್ಕ. ಅಮ್ಮ ಏನು ಶಾಪ ಹಾಕ್ತಾಳಾ?" ಎಂದೆ. "ನಮ್ಮಪ್ಪ ಇಟ್ಕಂಡಿರ್ಲಿಲ್ಲ," ಎಂದ. ಅವರಪ್ಪ ರೈಲನ್ನೇ ಹತ್ತಿರಲಿಲ್ಲ, ಆ ಮಾತು ಬೇರೆ.

ರಾಮಗಿರಿಯ ಬೆಟ್ಟದ ದೊಣೆಯ ದಂಡೆಯಲ್ಲಿ ಹೂ ಬೀಳಲೇ ಇಲ್ಲ. ನೆತ್ತಿಯ ಮೇಲಿದ್ದ ಹೊತ್ತು ಪಡುವಣಕ್ಕೆ ವಾಲಿತು. ಹೂ ಹಣೆಯ ಮೇಲೆಯೇ ಬಾಡಿ ಅಂಟಿಕೊಂಡಿತ್ತು. ಒಲ್ಲೆ ಎಂದಾದರೂ ಹೇಳಬಾರದೇ! ಪಾಲಯ್ಯ ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ತೆಗೆದ. ಇಳಿಯುವಾಗ ಅವನ ಹಿಮ್ಮಡಿಯ ಬಿರುಕಿನಿಂದ ರಕ್ತ ಬಂದು ಮೆಟ್ಟಿಲ ಮೇಲೆ ಗುರುತು ಬೀಳುತ್ತಿತ್ತು. ಹೊಳಲ್ಕೆರೆಗೆ ನಡೆದು, ಅಲ್ಲಿಂದ ಅಡಿಕೆ ಮೂಟೆಗಳ ಗಾಡಿಯ ಹಿಂಬದಿಗೆ ಜೋತುಬಿದ್ದು ಚಿತ್ರದುರ್ಗ ಸೇರಿದೆವು.  

ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಮಗ್ಗುಲಿನ ಗುಡ್ಡದಲ್ಲಿ ಒಂದು ದೊಣೆಯಿದೆ ಎಂದು ಕುರಿಯವರು ಹೇಳಿದರು. ಇನ್ನು ಮುಂದಕ್ಕೆ ಹೋಗಲು ಕೈಯಲ್ಲಿ ಕಾಸೂ ಇಲ್ಲ, ಯುಗಾದಿಗೆ ಹೆಚ್ಚು ದಿನವೂ ಇಲ್ಲ. ಇದೇ ಕಡೆಯದು. ಪಾಲಯ್ಯ ಏದುಸಿರು ಬಿಡುತ್ತಾ ಹತ್ತಿದ. ಕಂಬಳಿ ಹಾಸಿ ಅಮ್ಮನನ್ನು ಕೂರಿಸಿ ಹೂ ಇಟ್ಟ. "ಬಲಕ್ಕೆ ಕೊಡವ್ವ," ಎಂದ.  ನಾನೂ ಕಣ್ಣು ಮುಚ್ಚಿ ಬೇಡಿಕೊಂಡೆ. ಕಣ್ಣು ಬಿಟ್ಟಾಗ ಹೂ ಎಡಕ್ಕೆ ಬಿದ್ದಿತ್ತು.

ಎಂದೂ ದನಿ ಎತ್ತದ ಮನುಷ್ಯ ಆಗ ಬಾಯಿ ಬಿಟ್ಟ.

"ಅಲ್ಲ ಕಣವ್ವ, ನಿನ್ನ ಮಡು ಮುಳುಗಿಸ್ದೋನು ನಾನಾ? ನನ್ನ ಮನೀನೂ ಮುಳುಗೈತೆ. ನಮ್ಮಪ್ಪನ ಸಮಾಧೀನೂ ಮುಳುಗೈತೆ. ನಾನು ಎಲ್ಲಿ ನೀರು ಸಿಕ್ತೋ ಅಲ್ಲಿ ಕುಡೀತಿಲ್ವಾ? ಉಚ್ಚಂಗಿ ಕುಡೀತಿಲ್ವಾ? ನಿನಗೊಬ್ಬಳಿಗೇ ಆ ನೀರೇ ಬೇಕಾ? ನನ್ನ ಕೂಸು ಎಷ್ಟು ದಿನ ಕಾಯ್ಬೇಕು? ಹೇಳು, ಎಷ್ಟು ದಿನ?"

ಹೇಳುತ್ತಲೇ ಅಮ್ಮನನ್ನು ಎತ್ತಿಕೊಂಡು ದೊಣೆಗೆ ಇಳಿದ. ಹಟ ಮಾಡುವ ಮಗುವಿನ ಗಲ್ಲ ಹಿಡಿದು ಮುಖ ತೊಳೆಯುತ್ತಾರಲ್ಲ, ಹಾಗೆ ತೊಳೆದ. ಬೊಗಸೆ ಬೊಗಸೆ ನೀರು ಹೊಯ್ದ. ಅಳುತ್ತಾ ಹೊಯ್ದ. ಅಪ್ಪಣೆಯಿಲ್ಲದೆ ಅಮ್ಮನಿಗೆ ನೀರು ಮುಟ್ಟಿಸಿದವರು ನಮ್ಮ ಕುಲದಲ್ಲೇ ಇಲ್ಲ. ತಡೆಯಲು ಮಾತ್ರ ನನಗೆ ಮನಸ್ಸು ಬರಲಿಲ್ಲ.

ಇಳಿಯುವಾಗ ನಾನೇ ಮಾತು ತೆಗೆದೆ. "ಭಾವ, ಊರಾಗೆ ಬಲಕ್ಕೆ ಬಿತ್ತು ಅಂತ ಹೇಳಿದ್ರೆ ಮುಗೀತು. ನಾನಂತೂ ಬಾಯಿ ಬಿಡಲ್ಲ."

"ಸುಮ್ನೆ ಬಾರಪ್ಪ," ಎಂದ. ಐಮಂಗಲದಲ್ಲಿ ಬೀಗರ ಮನೆಯ ಮುಂದೆಯೇ ಹಾದುಹೋದರೂ ಅತ್ತ ತಿರುಗಿ ನೋಡಲಿಲ್ಲ.

ಊರ ಮುಂದೆ ಯಜಮಾನ ಮುದ್ದಣ್ಣ ಮತ್ತು ಹಿರಿಯರೆಲ್ಲ ಕಾದು ಕುಳಿತಿದ್ದರು. "ಹೂ ಕೊಟ್ಳಾ ಅಮ್ಮ?" ಎಂದು ಕೇಳಿದ ಮುದ್ದಣ್ಣ.

"ಇಲ್ಲ. ನಾನೇ ಮೀಯಿಸ್ದೆ," ಎಂದುಬಿಟ್ಟ ಪಾಲಯ್ಯ. ಹಟಮಾರಿ ಎಂದು ನಾನು ಸುಮ್ಮನೆ ಹೇಳಿದೆನೇ?

ಹಿರಿಯರು ಬಹಳ ಹೊತ್ತು ಗುಸುಗುಸು ಮಾತಾಡಿದರು. ಕೊನೆಗೆ ಮುದ್ದಣ್ಣ ತೀರ್ಮಾನ ಹೇಳಿದ. ಅಮ್ಮನ ಮೈಗೆ ಬೆಟ್ಟದ ನೀರು ಬಿದ್ದಿದೆ, ಆದ್ದರಿಂದ ಮದುವೆಗಳು ನಡೆಯಲಿ. ಅಪ್ಪಣೆ ಮೀರಿದ ಪಾಪ ಮೀಯಿಸಿದ ಕೈಯದು, ಆ ಕೈ ಇನ್ನು ಪೆಟ್ಟಿಗೆ ಮುಟ್ಟಬಾರದು, ಶುಭಕಾರ್ಯದಲ್ಲಿ ಯಾರನ್ನೂ ಹರಸಬಾರದು. ಭಲೇ ನ್ಯಾಯ! ಮದುವೆ ಆರು ಮನೆಯವರಿಗೂ ಬೇಕು, ಪಾಪ ಮಾತ್ರ ಒಬ್ಬನಿಗೆ. ನಾನು ಜಗಳಕ್ಕೆ ನಿಂತೆ. ಪಾಲಯ್ಯ ನನ್ನ ತೋಳು ಹಿಡಿದು ಕೂರಿಸಿ, ಪೆಟ್ಟಿಗೆಯನ್ನು ದಾಯಾದಿ ಚಿಕ್ಕತಿಮ್ಮಪ್ಪನ ಹೆಗಲಿಗೆ ಏರಿಸಿದ. ಏರಿಸಿ, ಎಲ್ಲಿ ಹಿಡಿದರೆ ನೋಯುವುದಿಲ್ಲ ಎಂದೂ ತೋರಿಸಿಕೊಟ್ಟ.

ಯುಗಾದಿಗೆ ಮೊದಲೇ ಚಂದ್ರಕ್ಕನ ಮದುವೆಯಾಯಿತು. ಕೊರಳಿಗೆ ತಾಳಿ ಬಿದ್ದ ಮೇಲೆ ಚಿಕ್ಕತಿಮ್ಮಪ್ಪ ಹುಡುಗಿಯ ಹಣೆಗೆ ಅಮ್ಮನ ಭಂಡಾರ ಹಚ್ಚಿದ. ಹೆತ್ತ ಅಪ್ಪ ಚಪ್ಪರದ ಹೊರಗೆ ಬಿಸಿಲಿನಲ್ಲಿ, ಯಾರೋ ದಾರಿಹೋಕನಂತೆ ನಿಂತಿದ್ದ. ಹುಡುಗಿ ಎದ್ದಳು. ಸೆರಗಿಗೆ ಗಂಟು ಹಾಕಿದ್ದ ಗಂಡನನ್ನೂ ಎಳೆದುಕೊಂಡು ನೇರ ಹೊರಗೆ ನಡೆದು ಅಪ್ಪನ ಕಾಲಿಗೆ ಬಿದ್ದಳು. ಪಾಲಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಒಳ್ಳೇದಾಗ್ಲಿ, ಒಳಗೆ ಹೋಗವ್ವ. ಈ ಕೈ ಬ್ಯಾಡ ನಿಂಗೆ," ಎಂದ.

ಚಂದ್ರಕ್ಕ ಎದ್ದು ನಿಂತು, ಅವನ ಬೆನ್ನ ಹಿಂದೆ ಕೈ ಹಾಕಿ, ಬಲಗೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಅವನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ನನ್ನ ಮದ್ವೆ ಮಾಡಿದ್ದು ಈ ಕೈಯೇ ಅಪ್ಪಯ್ಯ," ಎಂದಳು, ಎಲ್ಲರಿಗೂ ಕೇಳುವಂತೆ.

ಪಾಲಯ್ಯ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಚಪ್ಪರದೊಳಗೆ ಮುದ್ದಣ್ಣ, ಹಿರಿಯರು, ಆ ಐದು ಮನೆಯವರು ಎಲ್ಲರೂ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ನೋಡಲಿ.