ಎರಡು ತಾರೀಖಿನ ಸಾಫ್ಟ್‌ವೇರ್

ಟೇಲರ್ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾರುವ ನಾನು, ನನ್ನದೇ ಒಂದು ಬ್ಲೌಸನ್ನು ನಾಲ್ಕು ತಿಂಗಳಿಂದ ಹೊಲಿಸಿಕೊಳ್ಳಲಾಗದೆ ಕೂತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬೇರೆಯವರ ಬಾಯಿಂದ ನಿಮಗೆ ಗೊತ್ತಾದರೆ ನನ್ನ ಮಾನ ಇನ್ನಷ್ಟು ಹೋಗುತ್ತದೆ.

ಸೇಡಂನಲ್ಲಿ ಹತ್ತು ವರ್ಷ ಕಂಪ್ಯೂಟರ್ ಕ್ಲಾಸು ನಡೆಸಿದವಳು ನಾನು. ಎಲ್ಲರೂ ಮೊಬೈಲಿನಲ್ಲೇ ಎಲ್ಲವನ್ನೂ ಕಲಿಯತೊಡಗಿದ ಮೇಲೆ ಕ್ಲಾಸು ಮುಚ್ಚಿ, ಇದ್ದ ವಿದ್ಯೆ ಖರ್ಚು ಮಾಡಿ 'ಅಳತೆ' ಎಂಬ ಸಾಫ್ಟ್‌ವೇರ್ ಬರೆದೆ. ಎದೆ, ಸೊಂಟ, ತೋಳು, ಬಟ್ಟೆ ಕೊಡುವ ತಾರೀಖು, ಎಲ್ಲವನ್ನೂ ಅದು ಟೇಲರ್ ಫೋನಿನಲ್ಲಿ ಇಟ್ಟುಕೊಳ್ಳುತ್ತದೆ. ಬರೆಯುವುದು ಹೇಗೋ ಆಯಿತು, ಮಾರುವುದರಲ್ಲಿ ಸಾಕುಸಾಕಾಯಿತು. ವಾಡಿಯಲ್ಲಿರುವ ನಮ್ಮಣ್ಣ ನನ್ನ ಅವಸ್ಥೆ ನೋಡಲಾರದೆ ಸಿಮೆಂಟ್ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೊಂದು ಕುರ್ಚಿ ಗೊತ್ತುಮಾಡಿದ. "ಇನ್ನಾ ಎಷ್ಟ ದಿನಾ ಹಿಂಗ ತಿರಗಾಡ್ತಿ?" ಎಂದು ಕೇಳಿದ. "ಶ್ರಾವಣ ಮುಗಿಯೋದ್ರಾಗ ಹತ್ತು ಅಂಗಡಿಗಿ ಮಾರ್ತೀನಿ. ಇಲ್ಲಂದ್ರ ಬಂದು ಕುಂದರ್ತೀನಿ" ಎಂದು ನಾನೇ ಬಾಯಿ ಬಿಟ್ಟು ಹೇಳಿದೆ. ಆ ಕುರ್ಚಿ ಕೆಟ್ಟದ್ದೇನಲ್ಲ, ಅದರ ಮೇಲೊಂದು ಫ್ಯಾನೂ ಇದೆಯಂತೆ. ಆದರೆ ನನಗೆ ಬೇಡ. ನಾನು ಮಾಡಿದ್ದನ್ನು ನಾನೇ ಮಾರಬೇಕು, ಅದೂ ನಮ್ಮ ಈ ನಾಲ್ಕೈದು ಊರುಗಳಲ್ಲೇ ಮಾರಬೇಕು ಎಂಬುದು ನನ್ನ ಹಟ.

ಕಲಬುರಗಿಯಲ್ಲಿ ಜಾಹೀರಾತು ಮಾಡಿಕೊಡುವ ಒಬ್ಬರ ಬಳಿ ಹೋಗಿದ್ದೆ. ಬಜೆಟ್ ಎಷ್ಟು ಎಂದು ಕೇಳಿದರು. ಹೇಳಿದೆ. ಚಹಾ ಕುಡಿಸಿ ಕಳಿಸಿದರು. ಆ ಬಜೆಟ್ಟಿಗೆ ಅಷ್ಟೇ ಬರುತ್ತಿತ್ತೆಂದು ಕಾಣುತ್ತದೆ.

ಹಾಗಾಗಿ ಪ್ಯಾಸೆಂಜರ್ ಗಾಡಿಯೇ ನನ್ನ ಪ್ರಚಾರ ವಿಭಾಗವಾಯಿತು. ಸೇಡಂನಲ್ಲಿ ಹತ್ತಿದರೆ ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಒಂದೇ ಹಳಿಯ ಮೇಲೆ ಸಿಗುತ್ತವೆ. ದಾರಿಯಲ್ಲಿ ಮಳಖೇಡ ಬಂದಾಗಲೆಲ್ಲ ನನಗೆ ರಾಷ್ಟ್ರಕೂಟರ ಮೇಲೆ ಹೊಟ್ಟೆಕಿಚ್ಚು. ಅವರು ತಮ್ಮ ಕೀರ್ತಿಯನ್ನು ಕಲ್ಲಿನ ಮೇಲೆ ಕೆತ್ತಿಸಿದರು, ಸಾವಿರ ವರ್ಷ ಕಳೆದರೂ ಜನ ಇನ್ನೂ ಓದುತ್ತಿದ್ದಾರೆ. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕೆತ್ತುವವರಿಗೆ ಕೊಡಲು ನನ್ನಲ್ಲಿ ಕಾಸಿಲ್ಲ, ಅಷ್ಟೇ.

ಇಂಟರ್ನೆಟ್ಟಿನ ಪಂಡಿತರೆಲ್ಲ ಮೊದಲ ತಿಂಗಳು ಪುಕ್ಕಟೆ ಕೊಡಿ ಎನ್ನುತ್ತಾರೆ. ಕೊಡಹೋದೆ. ಚಿತ್ತಾಪುರದ ಟೇಲರ್ ಒಬ್ಬರು ಕತ್ತರಿ ಕೆಳಗಿಟ್ಟು, "ಫುಕ್ಕಟ್ ಆದ್ರ ಬ್ಯಾಡ್ರಿ ಅಕ್ಕೋರ. ಮುಂದ ಎಲ್ಲ್ಯರ ಸಿಕ್ಕಸ್ತೀರಿ" ಎಂದರು. ಆವತ್ತಿನಿಂದ ಪುಕ್ಕಟೆ ನಿಲ್ಲಿಸಿ ಮೊದಲ ದಿನವೇ ದುಡ್ಡು ಕೇಳತೊಡಗಿದೆ. ಆಗ ಜನ ಕುಂದ್ರಿ ಎಂದರು, ಚೌಕಾಸಿ ಮಾಡಿದರು, ತಗೊಂಡರು. ಪಂಡಿತರು ಯಾವ ಊರಿನಲ್ಲಿ ಬಟ್ಟೆ ಹೊಲಿಸುತ್ತಾರೋ ನನಗೆ ತಿಳಿಯದು.

ಶಹಾಬಾದಿನ ಕಾಶಿಬಾಯಿ ನನ್ನ ಏಳನೆಯ ಗಿರಾಕಿ. ಊರಿನ ಅರ್ಧ ಹೆಂಗಸರ ಬ್ಲೌಸು ಹೊಲಿಯುವವಳು. ಅವಳ ಮುಂದೆ ನಾನು ಬಹಳ ಜಂಬದಿಂದ, ಹೇಳಿದ ತಾರೀಖಿನ ಬೆಳಿಗ್ಗೆ ಗಿರಾಕಿಗೆ ತಾನೇ ಮೆಸೇಜು ಹೋಗುತ್ತದೆ ಎಂದು ಹೊಗಳಿಕೊಂಡಿದ್ದೆ. ಹೋಯಿತು. ನಾಗರಪಂಚಮಿಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಏಳಕ್ಕೇ "ನಿಮ್ಮ ಬ್ಲೌಸು ತಯಾರಾಗಿದೆ, ಬನ್ನಿ" ಎಂದು ಮೂವತ್ತು ಮನೆಗೆ ಒಮ್ಮೆಲೇ ಹೋಯಿತು.

"ಅಕ್ಕೋರ, ಏನ್ ಮಾಡಿಟ್ಟೀರಿ ಇದು? ಮಂದಿ ಬಾಗಲಾಗ ನಿಂತಾರ. ನಾ ಇನ್ನಾ ಅರಿವಿಗಿ ಕತ್ತರಿ ಸೈತ ಹಚ್ಚಿಲ್ಲ!" ಎಂದು ಕಾಶಿಬಾಯಿ ಫೋನಿನಲ್ಲಿ ಕೂಗಿದಳು.

ನಮ್ಮ ಕಡೆ ಟೇಲರ್ ಹೇಳುವ ತಾರೀಖು ಬಟ್ಟೆ ಬೇರೆ ಅಂಗಡಿಗೆ ಹೋಗದಂತೆ ಹಿಡಿದುಕೊಳ್ಳುವ ಉಪಾಯ. ಸೋಮವಾರ ಎಂದರೆ ಗುರುವಾರ ಎಂದು ಕೊಡುವವಳಿಗೂ ಗೊತ್ತು, ತಗೊಳ್ಳುವವಳಿಗೂ ಗೊತ್ತು. ಇಡೀ ಸೀಮೆಯಲ್ಲಿ ಅದನ್ನು ನಂಬಿದ್ದು ನನ್ನ ಸಾಫ್ಟ್‌ವೇರ್ ಒಂದೇ.

ಮೊದಲ ಗಾಡಿ ಹಿಡಿದು ಓಡಿದೆ. ಅಂಗಡಿಯ ಪರಸಿ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯೊಬ್ಬಳು, "ನೀನೇನವ್ವಾ ಮೆಸೇಜ್ ಬಿಟ್ಟಾಕಿ?" ಎಂದು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಮೂರು ದಿನ ಅಲ್ಲೇ ಕೂತು ಬ್ಲೌಸಿಗೆ ಹುಕ್ಕು ಹಚ್ಚಿದೆ. ನನ್ನ ಹುಕ್ಕು ಕಾಶಿಬಾಯಿಗೆ ಪಸಂದಾಗದೆ ಅರ್ಧದಷ್ಟನ್ನು ಬಿಚ್ಚಿ ಮತ್ತೆ ಹಚ್ಚಿದಳು. ಅಂತೂ ಪಂಚಮಿಯ ಹಿಂದಿನ ಸಂಜೆ ಕೊನೆಯ ಬ್ಲೌಸು ಮನೆ ಸೇರಿತು. ಇನ್ನು ನನ್ನ ಸಾಫ್ಟ್‌ವೇರ್ ಅನ್ನು ಕಿತ್ತುಹಾಕು ಎನ್ನುತ್ತಾಳೆಂದು ತಲೆ ತಗ್ಗಿಸಿ ಕೂತೆ.

"ತಗೀರಿ ಅನ್ನಂಗಿಲ್ಲ ನಾ," ಎಂದಳು. "ಅಳತಿ ಛಲೋ ಇಟ್ಟದ. ಆದ್ರ ಎರಡು ತಾರೀಖ ಇಡ್ರಿ. ಗಿರಾಕಿಗಿ ಹೇಳೋದು ಒಂದು, ನಾ ಕೊಡೋದು ಒಂದು. ನಾ ಒತ್ತಿದ ಮ್ಯಾಲೇ ಮೆಸೇಜ್ ಹೋಗ್ಬೇಕು."

"ಅದು ಸುಳ್ಳ ಆಗಂಗಿಲ್ಲೇನ್ರಿ?" ಎಂದೆ.

"ಸುಳ್ಳ್ಯಾಕ? ಹಬ್ಬಕ್ಕ ಯಾರರ ಹಳೇ ಬ್ಲೌಸ್ ಹಾಕ್ಕೊಂಡಾರೇನು?"

ಇಂಥ ಮಾತು ನನಗೆ ಯಾವ ಜಾಹೀರಾತಿನವರೂ ಹೇಳಿರಲಿಲ್ಲ. ಮನೆಗೆ ಬಂದು ಎರಡು ತಾರೀಖಿನ ಸಾಫ್ಟ್‌ವೇರ್ ಬರೆದೆ. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಚಿಂಚೋಳಿಗೆ ಹೋದರೆ, ಅಲ್ಲಿಯ ಟೇಲರ್ ಅಳತೆಯ ಪುಟವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯ ತಾರೀಖು ನೋಡಿ ನಕ್ಕು, ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು. ಒಂದೇ ದಿನ ಎರಡು ಅಂಗಡಿಗಳಾದವು.

ಅಲ್ಲಿಗೆ ಒಂಬತ್ತು. ಹತ್ತನೆಯದಕ್ಕಾಗಿ ವಾಡಿಯಲ್ಲೆಲ್ಲ ಬಿಳಿ ಧೂಳು ಮೆತ್ತಿಕೊಂಡು ಅಲೆದೆ, ಸಿಗಲಿಲ್ಲ. ನಿನ್ನೆ ಶ್ರಾವಣ ಮುಗಿಯಿತು. ಇವತ್ತು ಬೆಳಿಗ್ಗೆಯೇ ಅಣ್ಣನ ಫೋನು ಬಂತು.

"ಎಷ್ಟಾದವು?"

"ಒಂಬತ್ತು."

"ಒಂದು ಕಮ್ಮಿ ಬಿತ್ತಲ್ಲವ್ವಾ. ಸೋಮವಾರ ಬಂದುಬಿಡು."

"ಅಣ್ಣಾ, ಶ್ರಾವಣ ನಾ ನಿನಗ ಹೇಳಿದ ತಾರೀಖು. ಕೊಡೋ ತಾರೀಖು ಬ್ಯಾರೆ ಅದ."

ಅವನು ಮೆಲ್ಲಗೆ, "ಹಂಗಾದ್ರ ಕುರ್ಚಿ ಬ್ಯಾರೆಯವರಿಗಿ ಕೊಡು ಅನ್ಲೇನು?" ಎಂದು ಕೇಳಿದ. ಆ ಕುರ್ಚಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲವೆಂದು ನನಗೂ ಗೊತ್ತು.

"ಕೊಡು ಅನ್ನು" ಎಂದೆ.