ಸೀತತ್ತೆಯ ಅನುಮಾನ

ಸೀತತ್ತೆ ಒಂದು ತೊಟ್ಟು ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡಿದ ಮೇಲೆಯೇ ಪಾತ್ರೆ ಒಡ್ಡುತ್ತಿದ್ದರು.

"ನೀರ್ ಬೆರಸಿಲ್ಲ ಕಣವ್ವೋ, ನನ್ ಮಕ್ಳಾಣೆ" ಎನ್ನುತ್ತಿದ್ದಳು ಹಾಲಿನ ಚೆಲುವಿ.

"ನಿನಗೆ ಮಕ್ಕಳೆಲ್ಲಿವೆಯೇ?"

"ಆಗಾಕಿಲ್ವಾ ಮುಂದೆ?"

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ಗಂಡ ರಂಗರಾಯರು ತಾಲ್ಲೂಕು ಕಚೇರಿಯ ಗುಮಾಸ್ತರು, ಯಾರು ಏನು ಹೇಳಿದರೂ ನಂಬುವವರು. ಇಬ್ಬರ ಪಾಲಿನ ಅನುಮಾನವನ್ನೂ ಅತ್ತೆಯೇ ಹೊತ್ತಿದ್ದರು. ಮೈಸೂರಿನ ಕಾಲೇಜು ಸೇರಿ ದೇವರನ್ನೂ ಪ್ರಶ್ನಿಸಲು ಕಲಿತಿದ್ದ ನನಗೆ ಅವರಲ್ಲಿ ವಿಶೇಷ ಸಲಿಗೆ.

ಮೂವತ್ತರ ದಶಕದ ಕೊನೆಯಿರಬೇಕು. ರಜಕ್ಕೆ ಬಂದಾಗ ಅತ್ತೆಯ ಕಣ್ಣಿನ ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಬೆರಳ ಗಿಣ್ಣುಗಳ ಮೇಲೆ ಕೆಂಪು ಗುಳ್ಳೆ. ಆ ನೇರಳೆಯನ್ನು ನಾನು ಕಂಡೆನೋ, ಮುಂದೆ ಈ ಕಾಯಿಲೆಯ ಬಗ್ಗೆ ಓದಿದ್ದನ್ನು ನೆನಪಿಗೆ ಬಳಿದುಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವರ ಕೈ ಮೇಲೇಳುತ್ತಿರಲಿಲ್ಲ. ನೆಲದಲ್ಲಿ ಕೂತರೆ ಯಾರಾದರೂ ಎಬ್ಬಿಸಬೇಕು. ರಾಯರು ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಹೆಂಡತಿಯ ತಲೆ ಬಾಚಿ ಜಡೆ ಹೆಣೆಯುತ್ತಿದ್ದರು. ಬೀದಿಗೆ ಬೀದಿಯೇ ನಗುತ್ತಿತ್ತು.

"ಅಯ್ಯನೋರ್ಗೆ ಮದ್ದು ಆಕವ್ಳೆ ಕಣ್ರವ್ವ. ಕಣ್ಗೂ ಬಣ್ಣ ಬಳ್ಕಂಡವ್ಳೆ" ಎಂದು ಚೆಲುವಿ ನಮ್ಮಮ್ಮನ ಕಿವಿಯಲ್ಲಿ ಊದಿದಳು. ಅಮ್ಮನೂ ಅರ್ಧ ನಂಬಿದ್ದಳೆಂದು ನನ್ನ ಗುಮಾನಿ.

ಅತ್ತೆಯೂ ಕಾಯಿಲೆಯ ಮೂಲ ಹುಡುಕದೆ ಬಿಟ್ಟವರಲ್ಲ. ಕುಂಕುಮ ಬದಲಾಯಿಸಿದರು, ಬಾವಿ ಬದಲಾಯಿಸಿದರು, ಚೆಲುವಿಯನ್ನೂ ಬಿಡಿಸಿದರು. ಪಂಡಿತರು ಪಿತ್ತವೆಂದರು. ಊರಿನ ಡಾಕ್ಟರು ಬಿಸಿಲಿನ ಕಜ್ಜಿಯೆಂದು ಮುಲಾಮು ಕೊಟ್ಟರು.

"ಮುಲಾಮು ರೆಪ್ಪೆಗಾಯ್ತು. ಕೈ ಎತ್ತಕ್ಕಾಗ್ದೇ ಇರೋದಕ್ಕೆ ಎಲ್ಲಿ ಹಚ್ಚಲೋ?" ಎಂದರು ನನ್ನ ಹತ್ತಿರ. "ಎರಡೂ ಒಂದೇ ಕಡೆಯಿಂದ ಬರ್ತಿವೆ ಕಣೋ. ಒಳಗೇನೋ ಬಚ್ಚಿಟ್ಕೊಂಡಿದೆ."

ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆತಂದಾಗ ನಾನೂ ಜೊತೆಗಿದ್ದೆ. ವಯಸ್ಸಾದ ಡಾಕ್ಟರೊಬ್ಬರು ರೆಪ್ಪೆ ನೋಡಿ, ಗಿಣ್ಣು ನೋಡಿ, ಆಮೇಲೆ ಬಹಳ ಹೊತ್ತು ಹೊಟ್ಟೆ ಒತ್ತಿ ನೋಡಿದರು. ರಾಯರನ್ನೂ ನನ್ನನ್ನೂ ಪಕ್ಕದ ಕೋಣೆಗೆ ಕರೆದರು. ಚರ್ಮವನ್ನೂ ಮಾಂಸಖಂಡಗಳನ್ನೂ ಒಟ್ಟಿಗೆ ಹಿಡಿಯುವ ಅಪರೂಪದ ಕಾಯಿಲೆ. ಕೆಲವರಲ್ಲಿ ಅದರ ಹಿಂದೆ ಕ್ಯಾನ್ಸರ್ ಅಡಗಿರುತ್ತದೆ. ಇವರ ಹೊಟ್ಟೆಯಲ್ಲಿ ಗಡ್ಡೆಯಿದೆ, ಕತ್ತರಿಸುವ ಹಂತ ದಾಟಿದೆ ಎಂದರು.

ರಾಯರು ನಲ್ಲಿಯಲ್ಲಿ ಮುಖ ತೊಳೆದುಕೊಂಡರು. "ಅವಳಿಗೆ ತಿಳೀಬಾರದಪ್ಪ. ನರದ ದೌರ್ಬಲ್ಯ ಅಂದ್ಬಿಡೋಣ" ಎಂದು ಹೇಳಿ, ಅತ್ತೆಯ ಬಳಿ ನನ್ನನ್ನು ಕೂರಿಸಿ ಔಷಧಿ ತರಲು ಹೋದರು.

"ಬೆಳಿಗ್ಗೆ ಮುಖ ತೊಳ್ಕೊಂಡಿದ್ರಲ್ಲ, ಮತ್ತೆ ಯಾಕೆ ತೊಳ್ಕೊಂಡ್ರು?" ಎಂದರು ಅತ್ತೆ.

"ಸೆಕೆಗಿರ್ಬೇಕು ಅತ್ತೆ" ಎಂದೆ.

"ದೇವರಿದ್ದಾನೆ ಅನ್ನೋದಕ್ಕೇ ಸಾಕ್ಷಿ ಕೇಳೋನು ನೀನು. ನನ್ನ ಹತ್ರ ಸುಳ್ಳು ಹೇಳ್ತೀಯೇನೋ?"

ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ.

"ನೋಡಿದ್ಯಾ, ನಾನಂದಿದ್ದೇ ಸರಿ" ಎಂದರು. ಆ ದನಿಯಲ್ಲಿ ಗೆಲುವಿತ್ತು ಎಂದು ನೆನಪು. ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಬಾಗಿಲ ಕಡೆ ನೋಡಿ ಅಂದರು: "ಇವರಿಗೆ ಹೇಳ್ಬೇಡ. ನನ್ನನ್ನ ನಂಬಿಸಿದೀನಿ ಅಂದ್ಕೊಂಡಿರಲಿ. ನಿದ್ದೆನಾದ್ರೂ ಮಾಡ್ತಾರೆ."

ರಾಯರು ಬಂದರು. "ನರದ ದೌರ್ಬಲ್ಯ ಅಷ್ಟೇ ಅಂತೆ ಕಣೇ. ಟಾನಿಕ್ ಕುಡಿದ್ರೆ ಹೋಗುತ್ತಂತೆ."

"ಹೌದಾ? ಸದ್ಯ!" ಎಂದರು ಅತ್ತೆ. "ಎಬ್ಬಿಸಿ, ರೈಲು ತಪ್ಪುತ್ತೆ."

ಮುಂದಿನ ರಜಕ್ಕೆ ಹೋದಾಗ ಅತ್ತೆ ಇರಲಿಲ್ಲ. ರಾಯರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕೊನೇವರೆಗೂ ಗೊತ್ತಾಗ್ಲಿಲ್ಲ ಕಣಯ್ಯ. ಅಂಥವಳನ್ನ ನಂಬಿಸಿಬಿಟ್ಟೆ ನೋಡು" ಎಂದರು.

ಅವರ ಮುಖ ದಿಟ್ಟಿಸಿದೆ. ನಂಬಿ ಹೇಳುತ್ತಿದ್ದಾರೋ, ನನ್ನ ಬಾಯಿ ಬಿಡಿಸಲು ಹೇಳುತ್ತಿದ್ದಾರೋ ತಿಳಿಯಲಿಲ್ಲ.

"ಹೂಂ ಮಾವ" ಎಂದೆ.