ಹುಷಾರು ಎನ್ನದ ಗಂಗಾಮಣಿ

ಗಂಗಾಮಣಿಯ ಗಂಟಲಿನ ವಿಷಯ ಹೆತ್ತೂರು ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಕಾಲದಲ್ಲಿ ಆಕೆ ಈ ಗುಡ್ಡದಲ್ಲಿ ನಿಂತು ಕೂಗು ಹಾಕಿದರೆ ಆ ಗುಡ್ಡದ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರಂತೆ. ಆಳುಗಳ ಲೆಕ್ಕ ಬರೆಯುವ ರೈಟರು ಊಟದ ಸೀಟಿ ಊದುವುದನ್ನೇ ಬಿಟ್ಟಿದ್ದ. ಇಳಿಜಾರಿನಲ್ಲಿ ಯಾರ ಕಾಲು ಜಾರುವಂತೆ ಕಂಡರೂ ಆಕೆಯ ಬಾಯಲ್ಲಿ ಒಂದೇ ಮಾತು: "ಹುಷಾರು!" ಆ ಸೀಮೆಯವರ ಉಸಿರಿನಲ್ಲೇ ಇರುವ ಮಾತದು. ಮರ ಹತ್ತುವವನಿಗೆ ಹುಷಾರು, ಬಸ್ಸು ಇಳಿಯುವವಳಿಗೆ ಹುಷಾರು, ಊರಿಗೆ ಹೊರಟ ನೆಂಟರಿಗೂ ಹುಷಾರು. ಇರುವ ಪ್ರೀತಿಯನ್ನೆಲ್ಲ ಆ ಮೂರಕ್ಷರದಲ್ಲೇ ಮುಗಿಸಿಬಿಡುತ್ತಾರೆ.

ಅಂಥವಳು ಈಗ ಆ ಮಾತನ್ನು ಆಡುವುದಿಲ್ಲ, ತನ್ನೆದುರು ಬೇರೆಯವರು ಆಡಲೂ ಬಿಡುವುದಿಲ್ಲ.

ಬೆನ್ನು ಬುಟ್ಟಿ ಹೊರಲು ಒಲ್ಲೆನೆಂದ ಮೇಲೆ ಗಂಗಾಮಣಿ ಆಲೂರು ಕಡೆಯ ಮೃತ್ಯುಂಜಯನ ಮನೆಗೆ ಬಂದಳು. ಮೃತ್ಯುಂಜಯ ಸಣ್ಣ ಕಾಫಿ ತೋಟದವನು. ಅವನ ತಂದೆ ಚನ್ನಬಸವಯ್ಯನವರಿಗೆ ಎಂಬತ್ತು ದಾಟಿತ್ತು, ಮಂಡಿಯಲ್ಲಿ ಬಲವಿರಲಿಲ್ಲ, ಮಾತಿನಲ್ಲಿ ಬಲಕ್ಕೇನೂ ಕೊರತೆಯಿರಲಿಲ್ಲ. ಅವರನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಬಂದ ವಾರದಲ್ಲೇ ಸೊಸೆ ಸುಲೋಚನಮ್ಮನ ಜೊತೆ ಜಗಳವಾಡಿ, ಬಚ್ಚಲ ಬಾಗಿಲಲ್ಲಿ ಜಾರುತ್ತಿದ್ದ ಗೋಣಿತಾಟನ್ನು ಎತ್ತಿ ಎಸೆದಳು. ಹಿತ್ತಲಲ್ಲಿ ಬಿದ್ದಿದ್ದ ನೀರಿನ ಪೈಪನ್ನು ಬಚ್ಚಲ ಗೋಡೆಗೆ ಹಿಡಿಕೆಯಾಗಿ ಹೊಡೆಸಿದಳು. ಅಯ್ಯನವರ ಪಂಚೆ ಕಾಲಿಗೆ ತೊಡರದಂತೆ ಹಿಮ್ಮಡಿಯಿಂದ ಮೇಲಕ್ಕೆ ಉಡಿಸಿದಳು.

"ನನ್ನೇನು ಗದ್ದೆಗೆ ಇಳಿಸ್ತೀಯಾ?" ಎಂದು ಅವರು ರೇಗಿದರು.

"ಬಿದ್ದು ಆಸ್ಪತ್ರೇಲಿ ಮಲಗೋದಕ್ಕಿಂತ ಗದ್ದೆನೇ ವಾಸಿ ಕಣ್ರೀ ಅಯ್ಯಾ," ಎಂದಳು.

ಇಷ್ಟೆಲ್ಲ ಮಾಡಿದವಳೇ ಅವರನ್ನು ಬೀಳಿಸಿದಳು. ಒಂದು ಬೆಳಗ್ಗೆ ಅಯ್ಯನವರು ಕೋಲು ಹಿಡಿದು ಜಗಲಿಯಲ್ಲಿ ನಡೆಯುತ್ತಿದ್ದರು. ಒಳಗಿನಿಂದ ಬಂದ ಗಂಗಾಮಣಿಗೆ ಅವರ ಮುಂದೆ ನೆಲ ಒದ್ದೆಯಾಗಿದ್ದು ಕಂಡಿತು. "ಅಯ್ಯಾ, ಹುಷಾರು!" ಗುಡ್ಡದಿಂದ ಗುಡ್ಡಕ್ಕೆ ಹಾಕುವ ಕೂಗೇ ಬಂತು. ನೆಟ್ಟಗೆ ಹೋಗುತ್ತಿದ್ದ ಮನುಷ್ಯ ಬೆಚ್ಚಿ ಕತ್ತು ತಿರುಗಿಸಿದರು. ಕತ್ತಿನ ಹಿಂದೆ ಮೈ ತಿರುಗಿತು, ಕಾಲು ತಿರುಗಲಿಲ್ಲ. ಒದ್ದೆ ನೆಲದ ಹತ್ತಿರಕ್ಕೂ ಹೋಗದೆ ಒಣನೆಲದ ಮೇಲೇ ಬಿದ್ದರು.

ಮಣಿಕಟ್ಟು ಮುರಿಯಿತು, ಪುಣ್ಯಕ್ಕೆ ಸೊಂಟ ಉಳಿಯಿತು. ಸಕಲೇಶಪುರದಲ್ಲಿ ಅಪ್ಪನ ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಮೃತ್ಯುಂಜಯ ಕಡ್ಡಿ ಮುರಿದಂತೆ ಹೇಳಿದ: "ಇನ್ನೊಂದ್ಸಲ ಬಿದ್ರೆ ಮುಗೀತು. ಇನ್ಮೇಲೆ ಅಪ್ಪ ಕುರ್ಚಿ ಬುಟ್ಟು ಏಳಂಗಿಲ್ಲ." ಗಂಗಾಮಣಿಯನ್ನು ಯಾರೂ ಬೈಯಲಿಲ್ಲ. ಹುಷಾರು ಎಂದವಳನ್ನು ಯಾರು ಬೈದಾರು? ತನ್ನ ಕೂಗೇ ಕೆಡವಿತೆಂದು ಆಕೆಯೊಬ್ಬಳಿಗೆ ಗೊತ್ತಿತ್ತು.

ಕುರ್ಚಿ ಸೇರಿದ ಅಯ್ಯನವರು ಮಂಕಾದರು. ಅವರ ಜೀವವೆಲ್ಲ ಕಣದಲ್ಲಿತ್ತು. ಕಣದಲ್ಲಿ ಒಣಹಾಕಿದ ಕಾಫಿಯನ್ನು ಒಂದು ಮುಷ್ಟಿ ತೆಗೆದು, ಕಿವಿಯ ಹತ್ತಿರ ಕುಲುಕಿ, ಗಲಗಲ ಸದ್ದಿನಲ್ಲೇ ಒಣಗಿತೋ ಇಲ್ಲವೋ ಹೇಳುವುದು ಆ ಮನೆಯಲ್ಲಿ ಅವರ ಹಕ್ಕು. ಮಗನೂ ಕುಲುಕುತ್ತಿದ್ದ, ಕೊನೆಯ ಮಾತು ಮಾತ್ರ ಅಪ್ಪನದು. ಕೊಯ್ಲು ಹತ್ತಿರವಾಗುತ್ತಿತ್ತು, ಕಣದವರೆಗೆ ನಡೆಯುವ ಆಸೆಯನ್ನು ಅವರು ಬಾಯಿಬಿಟ್ಟು ಹೇಳುವುದನ್ನೂ ನಿಲ್ಲಿಸಿದ್ದರು.

ಗಂಗಾಮಣಿ ಮೃತ್ಯುಂಜಯನೆದುರು ನಿಂತಳು. "ಕೂರ್ಸಿ ಕೂರ್ಸೇ ಕಾಲು ಸಾಯಿಸ್ತಿದೀರ. ಕಾಲಲ್ಲಿ ಕಸುವಿಲ್ದೋರು ಎದ್ದಾಗ ಬೀಳ್ದೆ ಇನ್ನೇನಾಯ್ತದೆ? ನಾನು ನಡೆಸ್ತೀನಿ. ಆದ್ರೆ ಈ ಮನೇಲಿ ಯಾರೂ ಅಯ್ಯನ್ನ ಹಿಂದಿಂದ ಕೂಗ್ಬಾರ್ದು. ಹೇಳೋದಿದ್ರೆ ಮುಂದೆ ಬಂದು ಹೇಳಿ. ಹುಷಾರು ಅಂತ ಮಾತ್ರ ಅನ್ನಲೇಬೇಡಿ."

"ಅದನ್ನ ನೀನು ಹೇಳ್ತಿದೀಯಲ್ಲ ಮಾರಾಯ್ತಿ!" ಎಂದು ಸುಲೋಚನಮ್ಮ ನಕ್ಕರು.

ನಗುವ ಮಾತೇ. ಆದರೆ ಗಂಗಾಮಣಿ ಮಾಡಿ ತೋರಿಸಿದಳು. ಕಟ್ಟು ಬಿಚ್ಚಿದ ಮೇಲೆ ಅಯ್ಯನವರನ್ನು ದಿನಾ ನಡೆಸಿದಳು. ಎದ್ದ ಕೂಡಲೇ ಹೊರಡಲು ಬಿಡದೆ, ಮಂಚದ ಅಂಚಿನಲ್ಲಿ ಕೂರಿಸಿ, ತಲೆ ತಿಳಿಯಾಗುವವರೆಗೆ ಊರ ಸುದ್ದಿ ಹೇಳುತ್ತಿದ್ದಳು. ಕೂಗು ಗಂಟಲಿಗೆ ಬಂದಾಗಲೆಲ್ಲ ಸೆರಗಿನ ತುದಿ ಕಚ್ಚಿಕೊಳ್ಳುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಈಕೆಯದು ಸೆರಗು ಕಚ್ಚಿಯೇ ಹೋಯಿತು. ಊರಿಗೆಲ್ಲ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ, ತನ್ನ ಗಂಟಲನ್ನು ತಾನೇ ತಿದ್ದಿಕೊಂಡವರು ಎಷ್ಟು ಜನ ಸಿಕ್ಕಾರು?

ಜನವರಿಯ ಒಂದು ಮಧ್ಯಾಹ್ನ ಕಣದ ತುಂಬ ಕಾಫಿ ಹರಡಿತ್ತು. ತಮ್ಮ ಕಾಲಲ್ಲೇ ನಡೆದು ಬಂದ ಅಯ್ಯನವರು ಕಣದ ಅಂಚಿನ ಕುರ್ಚಿಯಲ್ಲಿ ಕೂತಿದ್ದರು. ಅಕಾಲದ ಮೋಡವೊಂದು ಗುಡ್ಡದ ಹಿಂದಿನಿಂದ ಎದ್ದು ದಪ್ಪ ಹನಿ ಉದುರಿಸಿತು. ಒಣಗುವ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಕಣದಲ್ಲಿದ್ದ ಬಾಯಿಗಳೆಲ್ಲ ಒಟ್ಟಿಗೇ ತೆರೆದವು. "ಎಳೀರಿ! ಗುಡ್ಡೆ ಹಾಕಿ! ಟಾರ್ಪಾಲ್ ತನ್ನಿ!" ಆಯುಷ್ಯವಿಡೀ ಆ ಕೂಗಿಗೆ ಓಡಿದ ಮನುಷ್ಯ ಸುಮ್ಮನೆ ಕೂತಾರೇ? ಕೋಲನ್ನು ಅಲ್ಲೇ ಬಿಟ್ಟು ಎದ್ದರು, ನೇರ ಕಾಫಿಯ ಮೇಲೇ ಕಾಲಿಟ್ಟರು. ಒಣಗಿದ ಹಣ್ಣು ಅಂಗಾಲಿನಡಿ ಉರುಳತೊಡಗಿತು.

ಗಂಗಾಮಣಿ ಅವರ ಬೆನ್ನ ಹಿಂದೆ ಟಾರ್ಪಾಲಿನ ಮೂಲೆ ಹಿಡಿದು ನಿಂತಿದ್ದಳು. ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಆಚೆಯಿಂದ ಮೃತ್ಯುಂಜಯ "ಅಪ್ಪಾ, ಹು..." ಎನ್ನುವಷ್ಟರಲ್ಲಿ ಅಂಗೈ ಎತ್ತಿ ಅವನನ್ನು ತಡೆದಳು. ಟಾರ್ಪಾಲು ಬಿಟ್ಟು, ಒಂದು ಮುಷ್ಟಿ ಕಾಫಿ ಬಾಚಿಕೊಂಡು, ಸುತ್ತು ಹಾಕಿ ಅವರ ಕಣ್ಣೆದುರಿಗೆ ಬಂದಳು. ದನಿ ಮಗು ಮಲಗಿಸುವವಳದು.

"ಅಯ್ಯಾ, ಇದು ಒಣಗೈತಾ ನೋಡಿ."

ಅವರು ನಿಂತರು. ಆ ಸದ್ದು ಕೇಳಬೇಕಾದರೆ ನಿಲ್ಲಲೇಬೇಕು. ಗಂಗಾಮಣಿ ಅವರ ಎಡಗೈಯನ್ನು ತನ್ನ ತೋಳಿನೊಳಗೆ ಭದ್ರಮಾಡಿಕೊಂಡು ಬಲಗೈಗೆ ಕಾಫಿ ಸುರಿದಳು. ಅವರು ಮುಷ್ಟಿಯನ್ನು ಕಿವಿಗೆ ತಂದು ಕುಲುಕಿದರು. ಕಣದಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವರನ್ನೇ ನೋಡಿದರು. ಮೃತ್ಯುಂಜಯ ಕಾಫಿ ನೆನೆಯುವುದನ್ನೂ ಮರೆತು, ಅಪ್ಪನಿಗೆ ಕಾಣುವಂತೆ ಮುಂದಿನಿಂದ ಬಂದು ಕುರ್ಚಿ ಇಟ್ಟ.

"ಇಲ್ಲ ಕಣಮ್ಮ," ಎಂದರು ಅಯ್ಯನವರು, ತಲೆಯಿಂದ ಮಳೆ ನೀರು ಇಳಿಯುತ್ತಿರುವಾಗಲೇ. "ಇನ್ನೊಂದು ಬಿಸ್ಲು ಬೇಕು."

ಗಂಗಾಮಣಿ ಅವರನ್ನು ಕೂರಿಸಿದಳು. ಆಮೇಲೆ ಮುಂದೆ ಬಗ್ಗಿ, ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಅಯ್ಯಾ, ಈಗ ಒಂದು ಕೂಗು ಹಾಕ್ಲಾ?"

"ಕೂತಿದೀನಲ್ಲ, ಹಾಕು."

"ಏನ್ ನೋಡ್ತಾ ನಿಂತ್ರೋ? ಟಾರ್ಪಾಲ್ ಎಳೀರೋ!" ಇಷ್ಟು ತಿಂಗಳು ನುಂಗಿಟ್ಟದ್ದೆಲ್ಲ ಸೇರಿ ಬಂದ ಆ ಕೂಗಿಗೆ ಎದುರು ಗುಡ್ಡದ ತೋಟದವರೂ ತಮ್ಮ ಟಾರ್ಪಾಲಿಗೆ ಓಡಿದರಂತೆ. ಅಯ್ಯನವರು ಕುರ್ಚಿಯಲ್ಲಿ ಭದ್ರವಾಗಿ ಕೂತು ನಗುತ್ತಿದ್ದರು.